ಸಂಶೋಧನಾ ಪುಸ್ತಕಗಳ ವಿಮರ್ಶೆಯನ್ನು ಓದುಗರಿಗಾಗಿ ಬರೆಸಿ

ಸಂಪಾದಕರಿಗೆ ನಮಸ್ಕಾರ.

ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಾಲೇಜಿನ ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ಆರಿಸುವ ಕೆಲಸವೂ ನನ್ನದೇ. ಹಾಗಾಗಿ ನಿಮ್ಮ ಭಾನುವಾರದ ಪುರವಣಿಯ ಪುಸ್ತಕ ಪುಟವನ್ನು ಸ್ವಲ್ಪ ಜಾಸ್ತಿ ಗಮನ ಕೊಟ್ಟು ಓದುತ್ತೇನೆ. ಕತೆ, ಕವನ, ಕಾದಂಬರಿಗಳ ವಿಮರ್ಶೆ ಬಗ್ಗೆ ಇವತ್ತು ಏನೂ ಹೇಳುವುದಿಲ್ಲ. ನನ್ನ ತಕರಾರು ಇರುವುದು ಸಂಶೋಧನೆಯ ಪುಸ್ತಕಗಳ ವಿಮರ್ಶೆ ಬಗ್ಗೆ. ಶಾಸನ, ಇತಿಹಾಸ, ಹಳಗನ್ನಡ, ಜಾನಪದ, ಭಾಷಾವಿಜ್ಞಾನ, ಪಿಎಚ್.ಡಿ. ಪ್ರಬಂಧವೇ ಪುಸ್ತಕವಾಗಿ ಬಂದದ್ದು, ಇಂಥವು. ಇವುಗಳಿಗೆ ವಿಮರ್ಶೆ ಬರೆಯುವವರು ಹೆಚ್ಚಾಗಿ ವಿಶ್ವವಿದ್ಯಾಲಯದ, ಕಾಲೇಜಿನ ಅಧ್ಯಾಪಕರೇ. ವಿಷಯ ಚೆನ್ನಾಗಿ ಗೊತ್ತಿರುವವರು. ಆದರೂ ವಿಮರ್ಶೆ ಓದಿ ಮುಗಿಸಿದ ಮೇಲೆ ಪುಸ್ತಕದಲ್ಲಿ ಏನು ಸರಿ ಇದೆ, ಏನು ಸರಿ ಇಲ್ಲ ಅನ್ನುವುದು ತಿಳಿಯುವುದೇ ಇಲ್ಲ.

ಸಾಮಾನ್ಯವಾಗಿ ವಿಮರ್ಶೆ ಹೀಗೆ ಸಾಗುತ್ತದೆ. ಮೊದಲು ಲೇಖಕರ ಪರಿಚಯ, ಅವರ ಹಿಂದಿನ ಪುಸ್ತಕಗಳು, ಬಂದ ಪ್ರಶಸ್ತಿಗಳು. ಆಮೇಲೆ ಅಧ್ಯಾಯಗಳ ಹೆಸರು, ಒಂದಾದ ಮೇಲೊಂದು. ಮುನ್ನುಡಿ ಬರೆದ ಹಿರಿಯರು ಏನು ಹೇಳಿದ್ದಾರೆ ಅನ್ನುವ ಎರಡು ಸಾಲು. ಕೊನೆಯ ಪ್ಯಾರಾದಲ್ಲಿ ಆ ಒಂದು ವಾಕ್ಯ: ‘ಲೇಖಕರು ಇನ್ನಷ್ಟು ಆಳಕ್ಕೆ ಇಳಿಯಬಹುದಿತ್ತು.’ ಇಲ್ಲವೇ, ‘ಅಲ್ಲಲ್ಲಿ ನುಸುಳಿರುವ ಮುದ್ರಣದೋಷಗಳನ್ನು ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿಕೊಳ್ಳಬಹುದು.’ ಅದರ ಬೆನ್ನಿಗೇ ‘ಇಂಥ ಸಣ್ಣಪುಟ್ಟ ಮಿತಿಗಳ ನಡುವೆಯೂ ಇದೊಂದು ಸಂಗ್ರಾಹ್ಯ ಕೃತಿ.’ ಅಲ್ಲಿಗೆ ಮುಗಿಯಿತು.

ಆಳ ಕಡಿಮೆಯಾದದ್ದು ಎಲ್ಲಿ? ಯಾವ ಅಧ್ಯಾಯದಲ್ಲಿ? ಆಳಕ್ಕೆ ಇಳಿದಿದ್ದರೆ ಲೇಖಕರ ತೀರ್ಮಾನ ಬದಲಾಗುತ್ತಿತ್ತಾ, ಅಥವಾ ಅದೇ ತೀರ್ಮಾನಕ್ಕೆ ಇನ್ನೊಂದಿಷ್ಟು ಆಧಾರ ಸಿಗುತ್ತಿತ್ತಾ? ಇವು ಎರಡೂ ಒಂದೇ ಅಲ್ಲವಲ್ಲ. ಮೊದಲನೆಯದಾದರೆ ಪುಸ್ತಕದ ವಾದವೇ ನಿಲ್ಲುವುದಿಲ್ಲ. ಎರಡನೆಯದಾದರೆ ಪುಸ್ತಕ ಚೆನ್ನಾಗಿಯೇ ಇದೆ, ಸುಮ್ನೆ ಸ್ವಲ್ಪ ತೆಳುವಾಗಿದೆ ಅಷ್ಟೇ. ವಿಮರ್ಶಕರಿಗೆ ಇದು ಗೊತ್ತಿರುತ್ತದೆ. ಅವರ ಸಹೋದ್ಯೋಗಿಗಳಿಗೂ ಗೊತ್ತಾಗುತ್ತದೆ, ಯಾಕೆಂದರೆ ವಿಭಾಗದೊಳಗೆ ಇರುವವರಿಗೆ ‘ಬಹುದಿತ್ತು’ ಅಂದರೆ ಎಷ್ಟು ‘ಬಹುದಿತ್ತು’ ಅನ್ನುವ ಲೆಕ್ಕ ಇರುತ್ತದೆ. ಆದರೆ ಸಿಂಧನೂರಿನಲ್ಲೋ ಮಡಿಕೇರಿಯಲ್ಲೋ ಕೂತು ಪತ್ರಿಕೆ ಓದುವ ಎಂ.ಎ. ವಿದ್ಯಾರ್ಥಿಗೆ, ಇತಿಹಾಸದ ಮೇಲಿನ ಪ್ರೀತಿಗೆ ಪುಸ್ತಕ ಕೊಳ್ಳುವ ಬ್ಯಾಂಕ್ ನೌಕರನಿಗೆ, ನನ್ನಂಥವರಿಗೆ, ಅದು ಹೊಗಳಿಕೆಯ ಹಾಗೇ ಕೇಳಿಸುತ್ತದೆ. ನಾವು ದುಡ್ಡು ಕೊಟ್ಟು ಪುಸ್ತಕ ತರಿಸುತ್ತೇವೆ. ವಿದ್ಯಾರ್ಥಿ ಅದರ ತೀರ್ಮಾನವನ್ನು ತನ್ನ ಪ್ರಬಂಧದಲ್ಲಿ ಹಾಗೇ ಎತ್ತಿ ಬರೆಯುತ್ತಾನೆ. ಐದಾರು ವರ್ಷದಲ್ಲಿ ಅದು ‘ವಿದ್ವಾಂಸರು ಒಪ್ಪಿರುವಂತೆ’ ಆಗಿಬಿಡುತ್ತದೆ. ಒಪ್ಪಿದವರು ಯಾರು ಅಂತ ಹುಡುಕಿದರೆ ಯಾರೂ ಇಲ್ಲ, ಯಾರೂ ಬಾಯಿಬಿಟ್ಟು ಒಪ್ಪಿಲ್ಲ ಅಂದಿರಲಿಲ್ಲ, ಅಷ್ಟೇ.

ವಿಮರ್ಶಕರ ಕಷ್ಟ ನನಗೆ ಅರ್ಥವಾಗುತ್ತದೆ. ಕನ್ನಡದ ವಿದ್ವತ್ ಲೋಕ ಚಿಕ್ಕದು. ಇವತ್ತು ಯಾರ ಪುಸ್ತಕದ ತಪ್ಪು ಎತ್ತಿ ತೋರಿಸುತ್ತೀರೋ ಅವರೇ ನಾಳೆ ಅಧ್ಯಯನ ಮಂಡಳಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಇರುತ್ತಾರೆ, ನಾಡಿದ್ದು ನಿಮ್ಮ ವಿದ್ಯಾರ್ಥಿಯ ಪ್ರಬಂಧಕ್ಕೆ ಪರೀಕ್ಷಕರಾಗಿ ಬರುತ್ತಾರೆ, ಇನ್ನೊಂದು ದಿನ ಆಯ್ಕೆ ಸಮಿತಿಯಲ್ಲಿ ಎದುರು ಕೂತಿರುತ್ತಾರೆ. ಗುರುಗಳ ಪುಸ್ತಕವಾದರಂತೂ ಮಾತೇ ಬೇಡ. ಇಂಗ್ಲೆಂಡಿನ ಟೈಮ್ಸ್ ಲಿಟರರಿ ಸಪ್ಲಿಮೆಂಟ್ 1902ರಲ್ಲಿ ಶುರುವಾದಾಗಿನಿಂದ 1974ರವರೆಗೆ ವಿಮರ್ಶಕರ ಹೆಸರನ್ನೇ ಹಾಕುತ್ತಿರಲಿಲ್ಲ. ಹೆಸರಿಲ್ಲದಿದ್ದರೆ ಧೈರ್ಯ ಬರುತ್ತದೆ, ನಿಜ. ಆದರೆ ಹಗೆ ತೀರಿಸಿಕೊಳ್ಳುವವನಿಗೂ ಅದೇ ಧೈರ್ಯ ಬರುತ್ತದೆ. ನಮಗೆ ಆ ದಾರಿ ಬೇಡ. ಹೆಸರು ಹಾಕಿಯೇ ಬರೆಯಲಿ.

ಪತ್ರಿಕೆಯ ವಿಮರ್ಶೆಗೆ ಇಷ್ಟೊಂದು ಮಹತ್ವ ಯಾಕೆ ಅಂತ ಕೆಲವರು ಕೇಳಬಹುದು. ಅದು ಪತ್ರಿಕೆ, ವಿದ್ವತ್ ಸಂಚಿಕೆ ಅಲ್ಲವಲ್ಲ ಅಂತ. ಒಂದು ಪಿಎಚ್.ಡಿ. ಪ್ರಬಂಧದ ಹಾದಿ ನೋಡಿ. ಯುಜಿಸಿಯ 2022ರ ನಿಯಮದ ಪ್ರಕಾರ ಮಾರ್ಗದರ್ಶಕರ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಅದನ್ನು ಓದಬೇಕು. ಅವರು ಒಳ್ಳೆಯ ಟೀಕೆಗಳನ್ನೇ ಬರೆದಿರಬಹುದು. ಆದರೆ ಆ ವರದಿ ಸಾಮಾನ್ಯ ಓದುಗರ ಕೈಗೆ ಬರುವುದಿಲ್ಲ. ಪ್ರಬಂಧ ಶೋಧಗಂಗಾ ಅನ್ನುವ ಪ್ರಬಂಧಗಳ ಜಾಲತಾಣದಲ್ಲಿ ಸಿಗುತ್ತದೆ, ಅದರ ಬಗ್ಗೆ ಓದಿದವರು ಏನಂದರು ಅನ್ನುವುದು ಸಿಗುವುದಿಲ್ಲ. ಪ್ರಬಂಧ ಪುಸ್ತಕವಾಗುತ್ತದೆ, ಮುನ್ನುಡಿಯನ್ನು ಮಾರ್ಗದರ್ಶಕರೇ ಬರೆಯುತ್ತಾರೆ, ಬೆನ್ನುಡಿಯನ್ನು ಇನ್ನೊಬ್ಬ ಹಿರಿಯರು ಬರೆಯುತ್ತಾರೆ. ಇವೆಲ್ಲ ಆದ ಮೇಲೆ, ಲೇಖಕರ ಬಳಗಕ್ಕೆ ಸೇರದ ಒಬ್ಬರು ಎಲ್ಲರ ಎದುರು ಆ ಪುಸ್ತಕವನ್ನು ಪರೀಕ್ಷೆ ಮಾಡುವ ಜಾಗ ಒಂದೇ, ವಿಮರ್ಶೆ. ವಿದ್ವತ್ ಸಂಚಿಕೆಗಳು ಎಷ್ಟು ಜನರಿಗೆ ತಲುಪುತ್ತವೆ? ನಿಮ್ಮ ಪುರವಣಿ ಮನೆಮನೆಗೆ ಹೋಗುತ್ತದೆ.

ಮೆತ್ತಗೆ ಮಾತಾಡುವುದು ಕನ್ನಡದವರಿಗೆ ಮಾತ್ರ ಅಂಟಿದ ಅಭ್ಯಾಸವೂ ಅಲ್ಲ. ಕೆನ್ ಹೈಲ್ಯಾಂಡ್ ಅನ್ನುವ ಭಾಷಾವಿಜ್ಞಾನಿ ಇಂಗ್ಲಿಷಿನ ವಿದ್ವತ್ ಪತ್ರಿಕೆಗಳಲ್ಲಿ ಬಂದ ಪುಸ್ತಕ ವಿಮರ್ಶೆಗಳನ್ನು, 8 ಬೇರೆ ಬೇರೆ ವಿಷಯಗಳಿಂದ ಆರಿಸಿ, ಹೊಗಳಿಕೆ ಎಲ್ಲಿ ಬರುತ್ತದೆ, ಟೀಕೆ ಎಲ್ಲಿ ಬರುತ್ತದೆ ಅಂತ ಕೂತು ನೋಡಿದರು. 2000ದಲ್ಲಿ ಅದು ಅವರ ಪುಸ್ತಕವೊಂದರ ಅಧ್ಯಾಯವಾಗಿ ಬಂತು. ಅಲ್ಲಿಯೂ ಟೀಕೆ ಒಂಟಿಯಾಗಿ ಬರುವುದು ಕಡಿಮೆ. ಮೊದಲು ಒಂದು ಹೊಗಳಿಕೆ, ಅದರ ಜೊತೆಗೇ ‘ಆದರೆ’. ಇಲ್ಲವೇ ‘ನನ್ನ ಮಟ್ಟಿಗೆ’ ಅಂತ ಶುರು ಮಾಡುತ್ತಾರೆ, ಅಂದರೆ ಇದು ನನ್ನೊಬ್ಬನ ಅಭಿಪ್ರಾಯ, ಒಪ್ಪಲೇಬೇಕು ಅಂತಿಲ್ಲ ಅನ್ನುವ ಹಾಗೆ. ಶುರುವಿನಲ್ಲೂ ಕೊನೆಯಲ್ಲೂ ಹೊಗಳಿಕೆ ಇರುತ್ತದೆ. ಇಷ್ಟರ ಮಟ್ಟಿಗೆ ನಮ್ಮವರ ಹಾಗೇ. ಆದರೆ ಅವರು ಕಂಡ ಇನ್ನೊಂದು ವಿಷಯ ನನಗೆ ಮುಖ್ಯ ಅನ್ನಿಸಿತು. ಹೊಗಳುವಾಗ ವಿಮರ್ಶಕರು ಇಡೀ ಪುಸ್ತಕವನ್ನು ಒಟ್ಟಾಗಿ ಹೊಗಳುತ್ತಾರೆ, ಟೀಕೆ ಮಾಡುವಾಗ ಮಾತ್ರ ನಿರ್ದಿಷ್ಟವಾಗಿ ಒಂದು ಜಾಗಕ್ಕೆ ಬೆರಳಿಡುತ್ತಾರೆ. ನಮ್ಮಲ್ಲಿ ಟೀಕೆಯೂ ಒಟ್ಟಾರೆ. ‘ಅಲ್ಲಲ್ಲಿ’, ‘ಕೆಲವೆಡೆ’, ‘ಇನ್ನಷ್ಟು’. ಮಾತು ಮೆತ್ತಗಿದ್ದರೆ ನನಗೆ ಬೇಸರವಿಲ್ಲ. ಬೆರಳು ಎಲ್ಲಿಯೂ ಇಡದಿರುವುದೇ ನನ್ನ ದೂರು.

ಅದೇ ಹೈಲ್ಯಾಂಡ್ 2005ರಲ್ಲಿ ಇನ್ನೊಂದು ಲೇಖನ ಬರೆದರು, ಸಂಶೋಧನಾ ಬರವಣಿಗೆಯಲ್ಲಿ ಲೇಖಕರು ಓದುಗರನ್ನು ಹೇಗೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ ಅಂತ. ‘ನಾವು’, ‘ನೀವು’ ಅಂತ ಕರೆಯುವುದು, ‘ಇದನ್ನು ಗಮನಿಸಿ’ ಅಂತ ಹೇಳುವುದು, ಪ್ರಶ್ನೆ ಕೇಳುವುದು, ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ನೆನಪಿಸುವುದು, ನಡುವೆ ನಿಂತು ಸ್ವಂತ ಮಾತೊಂದು ಸೇರಿಸುವುದು. ನಮ್ಮ ಪತ್ರಿಕೆಗಳ ವಿದ್ವತ್ ವಿಮರ್ಶೆಯಲ್ಲಿ ಇವನ್ನು ಹುಡುಕಿ ನೋಡಿ. ‘ನಾನು’ ಇರುವುದೇ ಅಪರೂಪ, ‘ಅನ್ನಿಸದಿರದು’ ಅಂತ ಇರುತ್ತದೆ. ಯಾರಿಗೆ ಅನ್ನಿಸದಿರದು? ‘ನೀವು’ ಇಲ್ಲವೇ ಇಲ್ಲ, ‘ಸಹೃದಯ ಓದುಗರು’ ಇದ್ದಾರೆ. ಪ್ರಶ್ನೆ ಕೇಳಿದರೂ ಅದು ಉತ್ತರ ಬೇಡದ ಪ್ರಶ್ನೆ. ಒಟ್ಟಿನಲ್ಲಿ ವಿಮರ್ಶಕರು ಲೇಖಕರ ಜೊತೆ ಮಾತಾಡುತ್ತಿರುತ್ತಾರೆ, ಅದೂ ಪಿಸುಮಾತಿನಲ್ಲಿ, ನಾವು ಹೊರಗೆ ನಿಂತಿರುತ್ತೇವೆ.

ಓದುಗರನ್ನು ಒಳಗೆ ಕರೆದುಕೊಂಡ ವಿಮರ್ಶೆ ಹೇಗಿರುತ್ತದೆ ಅನ್ನುವುದಕ್ಕೆ ನನಗೆ ಕೂಡಲೇ ನೆನಪಾಗುವುದು ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1959ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಬರೆದದ್ದು. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಮನುಷ್ಯರ ಮಾತಿನ ಬಗ್ಗೆ 1957ರಲ್ಲಿ ಒಂದು ದೊಡ್ಡ ಪುಸ್ತಕ ತಂದಿದ್ದರು. ಮಾತು ಅನ್ನುವುದು ಹೊರಗಿನ ಪ್ರಚೋದನೆಗೆ ನಾವು ಕೊಡುವ ಪ್ರತಿಕ್ರಿಯೆ ಅನ್ನುವುದು ಅವರ ವಾದದ ತಿರುಳು. ಉದಾಹರಣೆಗೆ, ಒಂದು ಚಿತ್ರಪಟ ನೋಡಿದಾಗ ಒಬ್ಬರು ‘ಡಚ್’ (ಡಚ್ ಶೈಲಿಯ ಚಿತ್ರ) ಅಂದರೆ, ಆ ಚಿತ್ರದಲ್ಲಿರುವ ಏನೋ ಒಂದು ಗುಣ ಆ ಮಾತನ್ನು ಹೊರಡಿಸಿತು. ಚಾಮ್ಸ್ಕಿ ಇದನ್ನು ‘ಇನ್ನಷ್ಟು ಚರ್ಚಿಸಬಹುದಿತ್ತು’ ಅಂತ ಬಿಡಲಿಲ್ಲ. ಅದೇ ಚಿತ್ರವನ್ನೇ ಓದುಗರ ಮುಂದೆ ಇಟ್ಟರು. ನೋಡಿದವರು ‘ಡಚ್’ ಅನ್ನದೆ, ಗೋಡೆಯ ಬಣ್ಣಕ್ಕೆ ಹೊಂದುವುದಿಲ್ಲ ಅನ್ನಬಹುದು, ಸೊಟ್ಟ ನೇತು ಹಾಕಿದ್ದೀರಿ ಅನ್ನಬಹುದು, ಚೆನ್ನಾಗಿದೆ ಅನ್ನಬಹುದು, ಚೆನ್ನಾಗಿಲ್ಲ ಅನ್ನಬಹುದು, ಹೋದ ಬೇಸಿಗೆಯ ಪ್ರವಾಸ ನೆನಪಿದೆಯಾ ಅಂತಲೂ ಕೇಳಬಹುದು. ಪ್ರತಿ ಸಲವೂ ಮಾತು ಕೇಳಿದ ಮೇಲೆಯೇ ಪ್ರಚೋದನೆ ಏನಿತ್ತು ಅಂತ ಹೇಳುವುದಾದರೆ, ಆ ಸಿದ್ಧಾಂತ ಏನನ್ನು ವಿವರಿಸಿತು? ಭಾಷಾವಿಜ್ಞಾನ ಓದದ ನನ್ನ ಬಿ.ಎ. ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಅವರೇ ಇನ್ನಷ್ಟು ಉದಾಹರಣೆ ಕೊಡಲು ಶುರು ಮಾಡಿದರು. ಓದುಗರು ತಾವೇ ಪರೀಕ್ಷೆ ಮಾಡಿ ನೋಡುವಂಥ ಟೀಕೆ ಅದು.

ಚಾಮ್ಸ್ಕಿಯವರ ದನಿ ಮಾತ್ರ ನನಗೆ ಮಾದರಿ ಅಲ್ಲ. ಅದರಲ್ಲಿ ಚುಚ್ಚುಮಾತು ಬೇಕಾದಷ್ಟು ಇದೆ. ಅವರು ಸ್ಕಿನ್ನರರನ್ನು ಸರಿಯಾಗಿ ಓದಿಯೇ ಇಲ್ಲ ಅಂತ ಮನಶ್ಶಾಸ್ತ್ರಜ್ಞ ಕೆನೆತ್ ಮೆಕ್‌ಕಾರ್ಕೊಡೇಲ್ 1970ರಲ್ಲಿ ಉತ್ತರ ಬರೆದರು. ಹಾಗೆ ಉತ್ತರ ಬರೆಯಲು ಸಾಧ್ಯವಾದದ್ದು ಟೀಕೆ ಸ್ಪಷ್ಟವಾಗಿದ್ದದ್ದರಿಂದ. ‘ಆಳಕ್ಕೆ ಇಳಿಯಬಹುದಿತ್ತು’ ಅನ್ನುವುದಕ್ಕೆ ಯಾವ ಲೇಖಕರು ತಾನೇ ಏನಂತ ಉತ್ತರ ಬರೆಯುತ್ತಾರೆ?

ಈಗ ಇನ್ನೊಂದು ಬಗೆಯೂ ಶುರುವಾಗಿದೆ. ಪುಸ್ತಕ ಪುಟದಲ್ಲಿ ಮೆತ್ತಗೆ ಬರೆಯುವವರೇ ವೇದಿಕೆಗಳಲ್ಲಿ, ಫೇಸ್‌ಬುಕ್‌ನಲ್ಲಿ ಲೇಖಕರ ಮೇಲೆ ಹರಿಹಾಯುತ್ತಾರೆ. ಇವರಿಗೆ ಹಳಗನ್ನಡವೇ ಬರುವುದಿಲ್ಲ, ಇವರು ಆ ಗುಂಪಿನವರು, ಈ ಜಾತಿಯವರು, ಆ ವಿಶ್ವವಿದ್ಯಾಲಯದವರು. ಇದು ನೇರ ಟೀಕೆ ಅಂತ ಚಪ್ಪಾಳೆ ಬೀಳುತ್ತದೆ. ನಾನು ಕೇಳುತ್ತಿರುವುದು ಇದನ್ನಲ್ಲ. ಇದರಲ್ಲೂ ಪುಟ ಸಂಖ್ಯೆ ಇಲ್ಲ. ಪುಸ್ತಕ ಓದಿದ ಗುರುತೇ ಇಲ್ಲ.

ಟೀಕೆಗೆ ಸಿಟ್ಟಾಗುವುದು ಹೊಸದೇನಲ್ಲ. 1665ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಡೆನಿ ದ ಸಾಲೊ ಎಂಬುವರು ಶುರು ಮಾಡಿದ ವಿದ್ವತ್ ಪತ್ರಿಕೆ, ಪುಸ್ತಕಗಳನ್ನು ಖಾರವಾಗಿ ವಿಮರ್ಶಿಸುತ್ತದೆ ಅನ್ನುವ ಗಲಾಟೆಯಲ್ಲಿ ಮೂರೇ ತಿಂಗಳಿಗೆ ನಿಂತಿತು. ಮತ್ತೆ ಶುರುವಾಗಲು ಮುಂದಿನ ವರ್ಷ ಬೇರೆ ಸಂಪಾದಕರು ಬರಬೇಕಾಯಿತು. ಐನ್‌ಸ್ಟೈನ್ ಅವರಿಗೇ ಸಿಟ್ಟು ಬಂದಿತ್ತು. 1936ರಲ್ಲಿ ಅವರು, ನೇಥನ್ ರೋಸನ್ ಜೊತೆ ಸೇರಿ, ಗುರುತ್ವದ ಅಲೆಗಳು ಇಲ್ಲ ಅಂತ ವಾದಿಸುವ ಲೇಖನವನ್ನು ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಗೆ ಕಳಿಸಿದರು. ಸಂಪಾದಕರು ಅದನ್ನು ಇನ್ನೊಬ್ಬ ತಜ್ಞರಿಗೆ ಓದಲು ಕೊಟ್ಟರು. ಆ ತಜ್ಞರು ಹತ್ತು ಪುಟದ ಟಿಪ್ಪಣಿ ಬರೆದು ತಪ್ಪು ಎಲ್ಲಿದೆ ಅಂತ ತೋರಿಸಿದರು. ನನ್ನನ್ನು ಕೇಳದೆ ಬೇರೆಯವರಿಗೆ ಯಾಕೆ ತೋರಿಸಿದಿರಿ ಅಂತ ಐನ್‌ಸ್ಟೈನ್ ಲೇಖನವನ್ನೇ ವಾಪಸ್ ತೆಗೆದುಕೊಂಡರು. ಆದರೆ 1937ರಲ್ಲಿ ಅದು ಬೇರೆ ಪತ್ರಿಕೆಯಲ್ಲಿ ಪ್ರಕಟವಾದಾಗ ತೀರ್ಮಾನ ಬದಲಾಗಿತ್ತು. ಟಿಪ್ಪಣಿ ಬರೆದಿದ್ದ ಎಚ್.ಪಿ. ರಾಬರ್ಟ್‌ಸನ್ ಅಷ್ಟರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನರ ಸಹಾಯಕ ಇನ್‌ಫೆಲ್ಡ್ ಜೊತೆ ಕೂತು, ತಾನೇ ಆ ಪರೀಕ್ಷಕ ಅಂತ ಹೇಳದೆ, ತಪ್ಪನ್ನು ಬಿಡಿಸಿ ತೋರಿಸಿದ್ದರು. ಒಂದು ಅವಮಾನದ ಮಾತೂ ಇಲ್ಲದೆ ಕೆಲಸ ಆಯಿತು. ಸಮೀಕರಣದ ಯಾವ ಸಾಲಿನಲ್ಲಿ ತಪ್ಪು ಅಂತ ಹೇಳಿದ್ದರಿಂದ ಆಯಿತು.

ನಮ್ಮಲ್ಲಿ ಇಂಥ ಟೀಕೆಯ ಪರಂಪರೆ ಇಲ್ಲ ಅಂತ ದಯವಿಟ್ಟು ಯಾರೂ ಹೇಳಬೇಡಿ. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಕೃತಿ, 9ನೇ ಶತಮಾನದ ಕವಿರಾಜಮಾರ್ಗ, ಕಾವ್ಯದ ದೋಷಗಳ ಮಾತನ್ನು ಶುರುವಿನ ಭಾಗದಲ್ಲೇ ಎತ್ತಿಕೊಳ್ಳುತ್ತದೆ. ಅದರ ಮೊದಲ ಪರಿಚ್ಛೇದದ ವಿಷಯವೇ ಯಾವುದು ದೋಷ, ಯಾವುದು ದೋಷವಲ್ಲ ಅನ್ನುವುದು. ಅಲ್ಲಿ ದೋಷದ ಹೆಸರು ಹೇಳಿ ಮುಂದೆ ಹೋಗುವುದಿಲ್ಲ. ಹೀಗೆ ಹೇಳಿದರೆ ತಪ್ಪು ಅಂತ ಗ್ರಂಥಕಾರ ಒಂದು ಪದ್ಯ ಕೊಡುತ್ತಾನೆ, ಅದನ್ನೇ ಹೀಗೆ ಹೇಳಿದರೆ ಸರಿ ಅಂತ ತಿದ್ದಿ ತೋರಿಸುತ್ತಾನೆ. ಓದುವವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಅದರಲ್ಲೇ ಇನ್ನೊಂದು ಮಾತು ಬರುತ್ತದೆ: ಕಣ್ಣಿಗೆ ತನ್ನದೇ ಕಾಡಿಗೆ ಕಾಣುವುದಿಲ್ಲ, ಹಾಗೆ ಕವಿಗೆ ತನ್ನ ದೋಷ ಕಾಣುವುದಿಲ್ಲ, ಅದಕ್ಕೇ ಬೇರೆಯವರಿಂದ ನೋಡಿಸಬೇಕು. ಸಾವಿರದ ನೂರು ವರ್ಷಕ್ಕೂ ಹಿಂದೆ ಬರೆದ ಮಾತು ಇದು.

ಆ ಕೃತಿಯ ಕರ್ತೃ ಯಾರು ಅನ್ನುವ ಚರ್ಚೆಯನ್ನೇ ತೆಗೆದುಕೊಳ್ಳಿ. ಕೆ.ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚು ಹಾಕಿಸಿದಾಗ ರಾಷ್ಟ್ರಕೂಟ ದೊರೆ ನೃಪತುಂಗನೇ ಬರೆದದ್ದು ಅಂದರು. ಗ್ರಂಥದೊಳಗೆ ‘ನೃಪತುಂಗದೇವಾನುಮತ’ ಅಂತ ಇದೆ, ಅನುಮತ ಅಂದರೆ ಒಪ್ಪಿದ್ದು, ಬರೆದದ್ದು ಹೇಗಾಗುತ್ತದೆ ಅಂತ ಬೇರೆಯವರು ಕೇಳಿದರು. 1968ರಲ್ಲಿ ಎಂ.ವಿ. ಸೀತಾರಾಮಯ್ಯನವರು ನೃಪತುಂಗನ ಆಸ್ಥಾನದ ಕವಿ ಶ್ರೀವಿಜಯನ ಹೆಸರಿನಲ್ಲೇ ಅದನ್ನು ಸಂಪಾದಿಸಿ ತಂದರು. ಆ ಜಗಳಕ್ಕೆ ನಾನು ತರಗತಿಯಲ್ಲಿ ಇಡೀ ಒಂದು ಪೀರಿಯಡ್ ಕೊಡುತ್ತೇನೆ. ಯಾಕೆಂದರೆ ಎರಡೂ ಕಡೆಯವರು ಆಧಾರ ಮುಂದಿಟ್ಟಿದ್ದಾರೆ, ಯಾವ ಪದ್ಯ, ಯಾವ ಶಬ್ದ ಅಂತ ಹೇಳಿದ್ದಾರೆ. ಹತ್ತೊಂಬತ್ತು ವರ್ಷದ ಹುಡುಗಿ ಕೂಡ ಪುಸ್ತಕ ತೆಗೆದು ನೋಡಿ, ಮೇಡಂ ನನಗೆ ಶ್ರೀವಿಜಯನೇ ಅನ್ನಿಸುತ್ತದೆ, ಅಥವಾ ಅನ್ನಿಸುವುದಿಲ್ಲ, ಅಂತ ಹೇಳಬಹುದು. ಇವತ್ತಿನ ಪುಸ್ತಕಗಳ ಬಗ್ಗೆ ಅವಳು ಹಾಗೆ ಹೇಳಲು ಅವಳ ಕೈಗೆ ನಾವು ಏನು ಕೊಟ್ಟಿದ್ದೇವೆ? ಅದಕ್ಕೇ ನಮ್ಮ ಪಿಎಚ್.ಡಿ. ಪ್ರಬಂಧಗಳ ‘ಪೂರ್ವ ಅಧ್ಯಯನಗಳ ಸಮೀಕ್ಷೆ’ ಅಧ್ಯಾಯ ಬರೀ ಪಟ್ಟಿಯಾಗಿದೆ. ಇಂಥವರು ಇಂಥ ಪುಸ್ತಕ ಬರೆದಿದ್ದಾರೆ, ಇದು ಉಪಯುಕ್ತ ಕೃತಿ. ಮುಂದಿನ ಪುಸ್ತಕ, ಅದೂ ಉಪಯುಕ್ತ ಕೃತಿ. ಮಕ್ಕಳಿಗೆ ಬಯ್ದು ಪ್ರಯೋಜನವಿಲ್ಲ, ಅವರು ಓದಿ ಬೆಳೆದ ವಿಮರ್ಶೆಗಳು ಹಾಗಿವೆ.

ಜಾಗ ಕಡಿಮೆ, ನಾನೂರು ಪದದಲ್ಲಿ ಎಷ್ಟು ಹೇಳಲಾಗುತ್ತದೆ ಅಂತ ವಿಮರ್ಶಕರು ಹೇಳುತ್ತಾರೆ. ಹೇಳಲಾಗುತ್ತದೆ. ಒಂದು ಉದಾಹರಣೆ ಮಾಡಿಕೊಳ್ಳೋಣ. ಕನ್ನಡ ಲಿಪಿಯ ಬಗ್ಗೆ ಒಂದು ಪುಸ್ತಕ ಬಂದಿದೆ, ಅದರಲ್ಲಿ ‘ಹಲ್ಮಿಡಿ ಶಾಸನವನ್ನು ಕ್ರಿ.ಶ. 450ರಲ್ಲಿ ಹಾಕಿಸಲಾಯಿತು’ ಅಂತ ಇದೆ, ಅದರ ಮೇಲೆ ಒಂದು ವಾದವೂ ನಿಂತಿದೆ ಅಂತಿಟ್ಟುಕೊಳ್ಳಿ. ಈಗಿನ ಪದ್ಧತಿಯ ವಿಮರ್ಶೆ ‘ಕಾಲನಿರ್ಣಯದ ವಿಷಯದಲ್ಲಿ ಲೇಖಕರು ಇನ್ನಷ್ಟು ಎಚ್ಚರ ವಹಿಸಬಹುದಿತ್ತು’ ಅನ್ನುತ್ತದೆ. ಅದರ ಬದಲು ಹೀಗೆ ಬರೆಯಲಿ: ‘ಇಂಥ ಪುಟ ನೋಡಿ. ಶಾಸನದಲ್ಲಿ ಕಾಲ ನಮೂದಾಗಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದ ಮೇಲೆ, ಲಿಪಿ, ಭಾಷೆ ಮತ್ತು ಅದರಲ್ಲಿ ಬರುವ ಕದಂಬರ ಕಾಕುಸ್ಥನ ಹೆಸರು ನೋಡಿ ವಿದ್ವಾಂಸರು 450ರ ಸುಮಾರು ಅಂತ ಅಂದಾಜು ಮಾಡಿದ್ದಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ಲೇಖಕರು ಅಂದಾಜನ್ನು ಖಚಿತ ವರ್ಷ ಮಾಡಿಕೊಂಡು ಮುಂದಿನ ಅಧ್ಯಾಯ ಕಟ್ಟಿದ್ದಾರೆ. ಆ ಅಧ್ಯಾಯವನ್ನು ನಾನು ಒಪ್ಪುವುದಿಲ್ಲ. ಉಳಿದ ಅಧ್ಯಾಯಗಳಿಗೆ ಈ ತೊಂದರೆ ತಟ್ಟುವುದಿಲ್ಲ, ಅವು ಚೆನ್ನಾಗಿವೆ.’ ಐವತ್ತು ಅರವತ್ತು ಪದ ಆಯಿತು ಅಷ್ಟೇ. ಇದರಲ್ಲಿ ಲೇಖಕರಿಗೆ ಅವಮಾನವಾಗುವ ಮಾತು ಒಂದೂ ಇಲ್ಲ. ನನಗೆ ಪುಸ್ತಕ ಕೊಳ್ಳಬೇಕು ಅಂತಲೂ ಗೊತ್ತಾಯಿತು, ಯಾವ ಅಧ್ಯಾಯವನ್ನು ಹುಷಾರಾಗಿ ಓದಬೇಕು ಅಂತಲೂ ಗೊತ್ತಾಯಿತು. ಪ್ರಶಸ್ತಿಗಳ ಪಟ್ಟಿ ಬಿಟ್ಟರೆ ಇಷ್ಟು ಜಾಗ ಸಿಗುತ್ತದೆ, ಅಲ್ವಾ?

ಹೊಗಳಿಕೆಗೂ ಇದೇ ಬೇಕು. ಒಬ್ಬ ಯುವ ಸಂಶೋಧಕಿ ವರ್ಷಗಟ್ಟಲೆ ಊರೂರು ಸುತ್ತಿ ಹೊಸ ಪಠ್ಯಗಳನ್ನು ಸಂಗ್ರಹಿಸಿರುತ್ತಾಳೆ, ಅವಳ ಪುಸ್ತಕಕ್ಕೂ ‘ಸಂಗ್ರಾಹ್ಯ’, ಹಳೆಯ ಲೇಖನಗಳನ್ನು ಒಟ್ಟು ಮಾಡಿ ತಂದವರ ಪುಸ್ತಕಕ್ಕೂ ‘ಸಂಗ್ರಾಹ್ಯ’. ಇದು ಅವಳಿಗೆ ಮಾಡುವ ದೊಡ್ಡ ಅನ್ಯಾಯ. ಅವಳು ಕಂಡುಹಿಡಿದದ್ದು ಏನು, ಅದರಿಂದ ಯಾವ ಹಳೆಯ ಮಾತು ಬದಲಾಯಿತು ಅಂತ ಯಾರೂ ಹೇಳದಿದ್ದರೆ ಅವಳ ಕೆಲಸ ಪಟ್ಟಿಯಲ್ಲೇ ಕಳೆದುಹೋಗುತ್ತದೆ. ಈ ವಿಷಯದಲ್ಲಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಾಗಾಗಿ ಸಂಪಾದಕರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಸಂಶೋಧನಾ ಪುಸ್ತಕ ಕಳಿಸುವಾಗ ವಿಮರ್ಶಕರಿಗೆ ಒಂದು ಚೀಟಿ ಇಡಿ: ಪುಸ್ತಕದ ಮುಖ್ಯ ವಾದವನ್ನು ನಿಮ್ಮ ಮಾತಿನಲ್ಲಿ ಹೇಳಿ, ಒಂದು ಕಡೆಯಾದರೂ ಪುಟ ಸಂಖ್ಯೆ ಸಮೇತ ಆಧಾರವನ್ನು ಪರೀಕ್ಷಿಸಿ, ಪದಸೂಚಿ ಮತ್ತು ಆಕರಗಳ ಪಟ್ಟಿ ಇದೆಯೋ ಇಲ್ಲವೋ ತಿಳಿಸಿ. ಮಾರ್ಗದರ್ಶಕರಾಗಿದ್ದವರಿಗೆ, ಮುನ್ನುಡಿ ಬರೆದವರಿಗೆ ಅದೇ ಪುಸ್ತಕವನ್ನು ವಿಮರ್ಶೆಗೆ ಕೊಡಬೇಡಿ. ಬೇರೆ ರೀತಿಯ ಸಂಬಂಧ ಇದ್ದರೆ ಅದನ್ನು ಕೊನೆಗೆ ಒಂದು ಸಾಲಿನಲ್ಲಿ ಹಾಕಿ, ನಾವು ಅರ್ಥ ಮಾಡಿಕೊಳ್ಳುತ್ತೇವೆ. ಲೇಖಕರು ಉತ್ತರ ಬರೆದರೆ ಅದಕ್ಕೆ ಮುಂದಿನ ವಾರ ಅದೇ ಪುಟದಲ್ಲಿ ಜಾಗ ಕೊಡಿ, ವಾಚಕರ ವಾಣಿಯ ಮೂಲೆಗೆ ತಳ್ಳಬೇಡಿ. ಟೀಕೆ ಬರೆದವರಿಗೆ ಹಿರಿಯರು ಫೋನ್ ಮಾಡಿ ಗದರಿಸಿದರೆ, ದಯವಿಟ್ಟು ವಿಮರ್ಶಕರ ಪರವಾಗಿ ನಿಲ್ಲಿ, ಮತ್ತೆ ಅವರಿಗೇ ಪುಸ್ತಕ ಕಳಿಸಿ. ನಿಮ್ಮ ಪುಟಕ್ಕೆ ನಾನು ಕೂಡ ವಿಮರ್ಶೆ ಬರೆಯಲು ಸಿದ್ಧಳಿದ್ದೇನೆ. ಮೇಲೆ ಕೇಳಿದ್ದೆಲ್ಲವೂ ನನ್ನ ಬರಹಕ್ಕೂ ಅನ್ವಯಿಸಲಿ, ತಪ್ಪಿದರೆ ಪ್ರಕಟಿಸದೆ ವಾಪಸ್ ಕಳಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು,
ಕನ್ನಡ ಅಧ್ಯಾಪಕಿ, ಶಿವಮೊಗ್ಗ ಜಿಲ್ಲೆ